ಬಾಡೂಟದ ಸಾರು ಮತ್ತು ಮಾಂಸ: ಬಡಿಸುವ, ಕಾಪಿಡುವ ಹಾಗೂ ಮರುಬಿಸಿ ಮಾಡುವ ಸುರಕ್ಷಿತ ಕ್ರಮಗಳು

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಹಾಗೂ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಗ್ರಾಮಗಳಲ್ಲಿ ಯುಗಾದಿಯ ಮರುದಿನದ ಹೊಸತೊಡಕು, ಗ್ರಾಮದೇವತೆಯ ಹಬ್ಬ, ಬೀಗರೂಟ ಮತ್ತು ಹರಕೆಯ ಊಟಗಳಲ್ಲಿ ನಾಟಿಕೋಳಿ ಅಥವಾ ಕುರಿ ಮಾಂಸದ ಸಾರು ಮುಖ್ಯ ಅಡುಗೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೂಲಿಯವರಿಗೂ ಇಂತಹ ಊಟವನ್ನು ಮನೆಯಿಂದ ತೋಟಕ್ಕೆ ಒಯ್ಯುವುದುಂಟು. ನಾಲ್ಕೈದು ಮಂದಿಗೆ ಅಡುಗೆ ಮಾಡುವ ಮನೆಯಲ್ಲಿ ಆ ದಿನ ಐವತ್ತು, ನೂರು ಮಂದಿಗೆ ಅಡುಗೆಯಾಗುತ್ತದೆ. ಬೆಳಿಗ್ಗೆ ಇಳಿಸಿದ ಸಾರನ್ನು ಸಂಜೆಯವರೆಗೆ ಬಡಿಸಲಾಗುತ್ತದೆ. ಉಳಿದದ್ದನ್ನು ಮರುದಿನ ಕುದಿಸಿ ಮುದ್ದೆಯೊಡನೆ ಉಣ್ಣಲಾಗುತ್ತದೆ.

ಊಟವಾದ ರಾತ್ರಿಯೋ ಮರುದಿನವೋ ಹಲವರಿಗೆ ಒಟ್ಟಿಗೆ ವಾಂತಿ, ಭೇದಿ ಕಾಣಿಸಿಕೊಂಡಾಗ ಮಾಂಸದ ಗುಣಮಟ್ಟವನ್ನು ಅಥವಾ ಅಡುಗೆಯವರನ್ನು ದೂರುವುದು ವಾಡಿಕೆ. ಆದರೆ ಚೆನ್ನಾಗಿ ಬೆಂದ ಮಾಂಸವೂ ಒಲೆಯಿಂದ ಇಳಿಸಿದ ನಂತರದ ಗಂಟೆಗಳಲ್ಲಿ ಅಪಾಯಕಾರಿಯಾಗಬಲ್ಲದು. ಆ ಗಂಟೆಗಳಲ್ಲಿ ನೀವು ಅನುಸರಿಸಬೇಕಾದ ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅಪಾಯದ ಉಷ್ಣಾಂಶ ಎಂದರೇನು?

ಆಹಾರದಲ್ಲಿ ರೋಗ ತರುವ ಸೂಕ್ಷ್ಮಜೀವಿಗಳು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತವೆ ಅಥವಾ ಬೆಳೆಯುವುದೇ ಇಲ್ಲ. 60 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶದಲ್ಲಿಯೂ ಅವು ವೃದ್ಧಿಯಾಗಲಾರವು. ಇವೆರಡರ ನಡುವಿನದನ್ನು ಅಪಾಯದ ವಲಯವೆಂದು ಪರಿಗಣಿಸಲಾಗುತ್ತದೆ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಕಾಲ ಬಿಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸುತ್ತಲಿನ ಉಷ್ಣಾಂಶ 32 ಡಿಗ್ರಿ ದಾಟಿದಾಗ ಈ ಅವಧಿಯನ್ನು 1 ಗಂಟೆಗೆ ಇಳಿಸಿಕೊಳ್ಳಬೇಕು. ಚಿತ್ರದುರ್ಗ ಜಿಲ್ಲೆಯಲ್ಲಿ ಹೊಸತೊಡಕಿನ ಹೊತ್ತಿಗೆ ಹಗಲಿನ ಉಷ್ಣಾಂಶ 35 ಡಿಗ್ರಿ ದಾಟುವುದು ಸಾಮಾನ್ಯ. ಆದ್ದರಿಂದ ನಮ್ಮ ಬೇಸಿಗೆಯ ಊಟಗಳಿಗೆ ಅನ್ವಯಿಸುವುದು 1 ಗಂಟೆಯ ನಿಯಮವೇ.

ಥರ್ಮಾಮೀಟರ್ ಇಲ್ಲದಿದ್ದರೂ ಒಂದು ಅಂದಾಜು ಸಾಧ್ಯ. ಕೈಗೆ ಉಗುರುಬೆಚ್ಚಗೆ ತಾಗುವ ಸಾರು ಸುಮಾರು 35ರಿಂದ 45 ಡಿಗ್ರಿಯಲ್ಲಿರುತ್ತದೆ. ಸೂಕ್ಷ್ಮಜೀವಿಗಳು ಅತಿ ವೇಗವಾಗಿ ಬೆಳೆಯುವ ಉಷ್ಣಾಂಶ ಇದೇ. "ಇನ್ನೂ ಬೆಚ್ಚಗಿದೆ" ಎಂಬುದು ಸಾರು ಸುರಕ್ಷಿತವಾಗಿದೆ ಎಂಬುದಕ್ಕೆ ಆಧಾರವಲ್ಲ; ಅದನ್ನು ಎಚ್ಚರಿಕೆಯೆಂದೇ ತಿಳಿಯಬೇಕು.

"ಮತ್ತೆ ಕುದಿಸಿದರೆ ಸಾಕು" ಎಂಬ ನಂಬಿಕೆ ಎಷ್ಟು ಸರಿ?

ಈ ನಂಬಿಕೆ ಅರ್ಧ ಮಾತ್ರ ಸರಿ. ಕಾರಣವನ್ನು ತಿಳಿಯಲು ನಾಲ್ಕು ಸೂಕ್ಷ್ಮಜೀವಿಗಳ ಪರಿಚಯ ಅಗತ್ಯ.

• ಸಾಲ್ಮೊನೆಲ್ಲಾ: ಹಸಿ ಕೋಳಿ ಮಾಂಸದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಮಾಂಸದ ಒಳಭಾಗ ಚೆನ್ನಾಗಿ ಬೆಂದರೆ ಸಾಯುತ್ತದೆ. ಅರೆಬೆಂದ ಮಾಂಸ, ಹಸಿ ಮಾಂಸ ಕತ್ತರಿಸಿದ ಮಣೆ ಹಾಗೂ ತೊಳೆಯದ ಕೈಗಳ ಮೂಲಕ ಹರಡುತ್ತದೆ.

• ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್: ದೊಡ್ಡ ಪಾತ್ರೆಯ ಮಾಂಸದ ಅಡುಗೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಇದು. ಇದರ ಬೀಜಾಣುಗಳು, ಅಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪಗಳು, ಕುದಿಯುವ ಸಾರಿನಲ್ಲಿಯೂ ಬದುಕುಳಿಯುತ್ತವೆ. ಕುದಿತದಿಂದ ಸಾರಿನಲ್ಲಿನ ಆಮ್ಲಜನಕ ಹೊರಹೋಗಿರುತ್ತದೆ. ಗಾಳಿಯಿಲ್ಲದೆಡೆ ಬೆಳೆಯುವ ಈ ಜೀವಿಗೆ ಅದು ಅನುಕೂಲವೇ. ಸಾರು 50 ಡಿಗ್ರಿಗಿಂತ ಕೆಳಗಿಳಿದಂತೆ ಬೀಜಾಣುಗಳು ಮೊಳೆತು ವೃದ್ಧಿಯಾಗತೊಡಗುತ್ತವೆ. ಅನುಕೂಲಕರ ಉಷ್ಣಾಂಶದಲ್ಲಿ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಈ ಲೆಕ್ಕದಲ್ಲಿ ಒಂದು ಜೀವಿ 2 ಗಂಟೆಗಳಲ್ಲಿ 4,096 ಆಗುತ್ತದೆ. ತಿಂದ 6ರಿಂದ 24 ಗಂಟೆಗಳೊಳಗೆ ಹೊಟ್ಟೆನೋವು ಮತ್ತು ಭೇದಿ ಉಂಟಾಗುತ್ತವೆ. ಮರುದಿನ ಚೆನ್ನಾಗಿ ಕುದಿಸಿದರೆ ಬೆಳೆದ ಜೀವಿಗಳು ಸಾಯುತ್ತವೆ; ಉಗುರುಬೆಚ್ಚಗೆ ಮಾತ್ರ ಕಾಯಿಸಿದರೆ ಇನ್ನಷ್ಟು ಹೆಚ್ಚುತ್ತವೆ.

• ಸ್ಟೆಫಿಲೊಕಾಕಸ್ ಔರಿಯಸ್: ಮನುಷ್ಯರ ಮೂಗು, ಚರ್ಮ, ಕೈಯ ಗಾಯ ಮತ್ತು ಕುರುಗಳಲ್ಲಿರುತ್ತದೆ. ಬಡಿಸುವವರ ಕೈಯಿಂದ ಬೆಂದ ಆಹಾರಕ್ಕೆ ಸೇರಿ, ಬೆಚ್ಚಗಿನ ಆಹಾರದಲ್ಲಿ ಬೆಳೆದು ವಿಷವನ್ನು ಉತ್ಪಾದಿಸುತ್ತದೆ. ಕುದಿಸಿದರೆ ಜೀವಿ ಸಾಯುತ್ತದೆ, ಆದರೆ ಅದು ಬಿಟ್ಟ ವಿಷ ನಾಶವಾಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ 8 ಗಂಟೆಗಳೊಳಗೆ ತೀವ್ರ ವಾಂತಿಯಾಗುತ್ತದೆ.

• ಬ್ಯಾಸಿಲಸ್ ಸೀರಿಯಸ್: ಅನ್ನ ಹಾಗೂ ಬಿರಿಯಾನಿಯಲ್ಲಿ ಹೆಚ್ಚು. ಇದರ ಬೀಜಾಣುಗಳೂ ಕುದಿತವನ್ನು ತಾಳಿಕೊಳ್ಳುತ್ತವೆ. ವಾಂತಿ ತರಿಸುವ ಇದರ ವಿಷವೂ ಮರುಬಿಸಿಯಿಂದ ನಾಶವಾಗುವುದಿಲ್ಲ.

ಇದರಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಸರಿಯಾಗಿ ತಣಿಸಿ ಕಾಪಿಟ್ಟ ಸಾರನ್ನು ಮರುಬಿಸಿ ಮಾಡುವುದು ಸುರಕ್ಷಿತ ಕ್ರಮ; ರಾತ್ರಿಯಿಡೀ ಹೊರಗೆ ಉಳಿದ ಸಾರನ್ನು ಕುದಿಸುವುದು ಅದಕ್ಕೆ ಪರಿಹಾರವಲ್ಲ. ಇಂತಹ ವಿಷಗಳಿಗೆ ಬಣ್ಣವಾಗಲಿ ವಾಸನೆಯಾಗಲಿ ರುಚಿಯಾಗಲಿ ಇರುವುದಿಲ್ಲ. ಆದ್ದರಿಂದ ಮೂಸಿ ನೋಡಿ ಅಥವಾ ನಾಲಿಗೆಗೆ ಹಚ್ಚಿ ನಿರ್ಧರಿಸಬಾರದು.

ಬೇಯಿಸುವಾಗ

1. ಕೋಳಿ ಮಾಂಸದ ಅತಿ ದಪ್ಪನೆಯ ಭಾಗದಲ್ಲಿ ಉಷ್ಣಾಂಶ 74 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದಲ್ಲಿ ತೊಡೆಯ ತುಂಡೊಂದನ್ನು ಬಿಡಿಸಿ ನೋಡಿ. ಮೂಳೆಯ ಬಳಿ ಹಸಿತನ ಉಳಿದಿರಬಾರದು, ಮಾಂಸ ಮೂಳೆಯಿಂದ ಸುಲಭವಾಗಿ ಬಿಡಬೇಕು.
2. ಹುಲ್ಲು ಅಥವಾ ಗ್ಯಾಸ್ ಉರಿಯಲ್ಲಿ ಸುಟ್ಟ ಕೋಳಿ, ಸುಟ್ಟ ತಲೆ-ಕಾಲುಗಳು ಹೊರಗೆ ಕಂದು ಬಣ್ಣಕ್ಕೆ ತಿರುಗಿ ಹೊಗೆಯ ವಾಸನೆ ಪಡೆದರೂ ಒಳಗೆ ಹಸಿಯಾಗಿಯೇ ಇರುತ್ತವೆ. ಸುಡುವುದು ರೋಮ, ಪುಕ್ಕ ತೆಗೆಯುವ ಕ್ರಮವಷ್ಟೇ. ಸುಟ್ಟ ಮಾಂಸವನ್ನೂ ಹಸಿ ಮಾಂಸದಂತೆಯೇ ನಿರ್ವಹಿಸಬೇಕು.
3. ಹಸಿ ಮಾಂಸಕ್ಕೆ ಬಳಸಿದ ಮಣೆ, ಕತ್ತಿ, ತಟ್ಟೆಗಳಲ್ಲಿ ಈರುಳ್ಳಿ, ಸೌತೆಕಾಯಿ, ಕೊತ್ತಂಬರಿ ಸೊಪ್ಪನ್ನು ಹೆಚ್ಚಬಾರದು. ಇವು ಬೇಯದೆ ಎಲೆಗೆ ಬರುವ ಪದಾರ್ಥಗಳಾದ್ದರಿಂದ ಪ್ರತ್ಯೇಕ ಮಣೆ ಅಗತ್ಯ.
4. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆದರೆ ಸಿಡಿದ ಹನಿಗಳು ಸುತ್ತಲಿನ ಪಾತ್ರೆಗಳ ಮೇಲೆ ಬೀಳುತ್ತವೆ. ತೊಳೆಯಲೇಬೇಕಾದಲ್ಲಿ ಅಡುಗೆಯ ಜಾಗದಿಂದ ದೂರದಲ್ಲಿ, ಪಾತ್ರೆಯ ನೀರಿನಲ್ಲಿ ತೊಳೆದು, ಅನಂತರ ಸೋಪಿನಿಂದ ಕೈತೊಳೆಯಿರಿ.

ಬಡಿಸುವಾಗ

• ಸಾರಿನ ದೊಡ್ಡ ಪಾತ್ರೆಯನ್ನು ಊಟ ಮುಗಿಯುವವರೆಗೆ ಸಣ್ಣ ಉರಿಯ ಮೇಲೆಯೇ ಇಡಿ. ಪ್ರತಿ ಪಂಕ್ತಿಗೆ ಬೇಕಾದಷ್ಟನ್ನು ಮಾತ್ರ ಬಕೆಟ್‌ಗೆ ತೆಗೆದುಕೊಳ್ಳಿ. ಬಕೆಟ್‌ನಲ್ಲಿ ಉಳಿದ, ಆರಿದ ಸಾರನ್ನು ದೊಡ್ಡ ಪಾತ್ರೆಗೆ ಮರಳಿ ಸುರಿಯಬಾರದು.
• ಸಾರು ಕಡಿಮೆಯಾದಾಗ ತೊಟ್ಟಿಯ ಅಥವಾ ಡ್ರಮ್ಮಿನ ನೀರನ್ನು ಬೆರೆಸಿ ಹಾಗೆಯೇ ಬಡಿಸುವ ರೂಢಿ ಅಪಾಯಕಾರಿ. ಬೇರೆ ಒಲೆಯಲ್ಲಿ ಕುದಿಯುವ ನೀರನ್ನು ಸಿದ್ಧವಾಗಿಟ್ಟುಕೊಂಡು ಅದನ್ನೇ ಬೆರೆಸಿ, ಸಾರು ಮತ್ತೊಮ್ಮೆ ಕುದಿ ಬಂದ ನಂತರ ಬಡಿಸಬೇಕು.
• ಕೈಯಲ್ಲಿ ಗಾಯ, ಕುರು ಇರುವವರು ಹಾಗೂ ವಾಂತಿ, ಭೇದಿ, ನೆಗಡಿಯಿಂದ ಬಳಲುತ್ತಿರುವವರು ಅಡುಗೆಗೆ ಮತ್ತು ಬಡಿಸಲು ನಿಲ್ಲಬಾರದು. ಮಾಂಸದ ತುಂಡುಗಳನ್ನು ಕೈಯಿಂದ ಎತ್ತಿ ಹಾಕದೆ ಸೌಟಿನಿಂದಲೇ ಬಡಿಸಬೇಕು.
• ಕೋಳಿ ಹುರುಕಲು, ಬೋಟಿ ಗೊಜ್ಜು, ಕೈಮಾ ಉಂಡೆ ಮುಂತಾದವನ್ನು ಒಮ್ಮೆಗೇ ಮಾಡಿ ಹರಡಿಡುವ ಬದಲು ಪಂಕ್ತಿಗೆ ತಕ್ಕಂತೆ ಮಾಡುವುದು ಸೂಕ್ತ.
• ಹಾಟ್‌ಬಾಕ್ಸ್ ಬಿಸಿಯನ್ನು ಉಳಿಸುತ್ತದೆಯೇ ಹೊರತು ಆಹಾರವನ್ನು ಬಿಸಿ ಮಾಡುವುದಿಲ್ಲ. ಮೊದಲು ಕುದಿನೀರು ಹಾಕಿ 10 ನಿಮಿಷ ಬಿಟ್ಟು ಚೆಲ್ಲಿ, ನಂತರ ಕುದಿಯುವ ಸಾರನ್ನು ತುಂಬಬೇಕು. ತೋಟಕ್ಕೆ ಊಟ ಒಯ್ಯುವಾಗಲೂ ಇದೇ ಕ್ರಮ ಅನುಸರಿಸಿ.
• ನೆಂಟರಿಗೆ ಸಾರು ಕಟ್ಟಿಕೊಡುವಾಗ ಅವರ ಪ್ರಯಾಣದ ಸಮಯವನ್ನು ಲೆಕ್ಕಹಾಕಿ. ಬೇಸಿಗೆಯಲ್ಲಿ ಮನೆ ತಲುಪಲು 1 ಗಂಟೆಗಿಂತ ಹೆಚ್ಚು ಬೇಕಾಗುವವರಿಗೆ ಮಾಂಸದ ಸಾರು ಕಟ್ಟಿಕೊಡದಿರುವುದೇ ಕ್ಷೇಮ. ಬಿಸಿ ಸಾರನ್ನು ತೆಳು ಪ್ಲಾಸ್ಟಿಕ್ ಚೀಲಗಳಿಗೆ ತುಂಬಬಾರದು.

ಉಳಿದ ಸಾರನ್ನು ತಣಿಸುವ ಕ್ರಮ

ದೊಡ್ಡ ಪಾತ್ರೆಯ ತುಂಬ ಇರುವ ಸಾರು ಬಹಳ ನಿಧಾನವಾಗಿ ತಣಿಯುತ್ತದೆ. ಅಂಚಿನಲ್ಲಿ ಆರಿದಂತೆ ಕಂಡರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಮೇಲೆ ಕಟ್ಟುವ ಕೊಬ್ಬಿನ ಪದರ ಒಳಗಿನ ಶಾಖವನ್ನು ಹಿಡಿದಿಡುತ್ತದೆ. 60 ಡಿಗ್ರಿಯಿಂದ 21 ಡಿಗ್ರಿಗೆ 2 ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ 4 ಗಂಟೆಯೊಳಗೆ ಇಳಿಸುವುದು ಸುರಕ್ಷಿತ ಕ್ರಮವೆನಿಸಿದೆ. ಇದನ್ನು ಸಾಧಿಸಲು:

1. ಊಟ ಮುಗಿದ ಕೂಡಲೇ ಉಳಿದ ಸಾರನ್ನು ಒಮ್ಮೆ ಚೆನ್ನಾಗಿ ಕುದಿಸಿ.
2. ಅಗಲವಾದ ತಟ್ಟೆ ಅಥವಾ ಬೋಗುಣಿಗಳಿಗೆ 5 ಸೆಂಟಿಮೀಟರ್‌ಗಿಂತ ಹೆಚ್ಚು ಆಳವಾಗದಂತೆ ಹಂಚಿ.
3. ದೊಡ್ಡ ತುಂಡುಗಳನ್ನು ಬೇರ್ಪಡಿಸಿ; ಇಡೀ ಕೋಳಿಯಾಗಿದ್ದರೆ ಮೂಳೆಯಿಂದ ಮಾಂಸವನ್ನು ಬಿಡಿಸಿ.
4. ಪಾತ್ರೆಗಳನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಶುದ್ಧ ಸೌಟಿನಿಂದ ಆಗಾಗ ಕಲಕಿ. ನೀರು ಬೆಚ್ಚಗಾದಂತೆ ಬದಲಿಸಿ. ಮಂಜುಗಡ್ಡೆ ದೊರೆತರೆ ನೀರಿಗೆ ಹಾಕಿ, ಸಾರಿನೊಳಗೆ ಹಾಕಬಾರದು.
5. ಹಬೆ ನಿಂತ ಕೂಡಲೇ ಮುಚ್ಚಿ ಫ್ರಿಜ್‌ನಲ್ಲಿಡಿ. ಪೂರ್ತಿ ಆರಲೆಂದು ರಾತ್ರಿಯಿಡೀ ಹೊರಗಿಡುವುದು ತಪ್ಪು.

ಫ್ರಿಜ್‌ನಲ್ಲಿ ಕಾಪಿಡುವ ಅವಧಿ

ಫ್ರಿಜ್‌ನ ಒಳಗಿನ ಉಷ್ಣಾಂಶ 5 ಡಿಗ್ರಿ ಮೀರಬಾರದು. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿರಬೇಕು. ಬೆಂದ ಆಹಾರವನ್ನು ಮೇಲಿನ ಅಂತಸ್ತಿನಲ್ಲಿ, ಹಸಿ ಮಾಂಸವನ್ನು ಮುಚ್ಚಿದ ಪಾತ್ರೆಯಲ್ಲಿ ಕೆಳಗಿನ ಅಂತಸ್ತಿನಲ್ಲಿ ಇಡಬೇಕು. ಪಾತ್ರೆಗಳ ನಡುವೆ ಗಾಳಿಯಾಡಲು ಜಾಗವಿರಲಿ. ಹುಣಸೆ, ಟೊಮೇಟೊ ಹಾಕಿದ ಸಾರನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಅಥವಾ ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಸಂಗ್ರಹಿಸದೆ ಸ್ಟೀಲ್ ಅಥವಾ ಗಾಜಿನ ಪಾತ್ರೆ ಬಳಸಿ.

• ಕೋಳಿ, ಕುರಿ, ಮೇಕೆ ಮಾಂಸದ ಸಾರು ಮತ್ತು ತುಂಡುಗಳು: ಫ್ರಿಜ್‌ನಲ್ಲಿ 3 ದಿನ, ಫ್ರೀಜರ್‌ನಲ್ಲಿ 2 ತಿಂಗಳು
• ಕೈಮಾ, ಈಲಿ, ಬೋಟಿ: ಫ್ರಿಜ್‌ನಲ್ಲಿ 1ರಿಂದ 2 ದಿನ
• ಬಿರಿಯಾನಿ, ಅನ್ನ: ಬೇಗನೆ ತಣಿಸಿಟ್ಟಲ್ಲಿ ಮಾತ್ರ 1 ದಿನ

ಪಾತ್ರೆಯ ಮೇಲೆ ದಿನಾಂಕ ಬರೆದ ಚೀಟಿ ಅಂಟಿಸುವುದು ಉಪಯುಕ್ತ. ವಿದ್ಯುತ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪನ್ನು ಉಳಿಸಿಕೊಳ್ಳುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ವಿದ್ಯುತ್ ಕಡಿತ ಪದೇಪದೇ ಆಗುವ ಊರುಗಳಲ್ಲಿ ಮೇಲಿನ ಅವಧಿಯವರೆಗೆ ಕಾಯದೆ ಮರುದಿನವೇ ಬಳಸಿ ಮುಗಿಸಬೇಕು.

ಫ್ರಿಜ್ ಇಲ್ಲದ ಮನೆಗಳಲ್ಲಿ

ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆ ತರಕಾರಿಗೆ ತಂಪು ನೀಡಬಲ್ಲದು. ಬೆಂದ ಮಾಂಸಕ್ಕೆ ಬೇಕಾದ 5 ಡಿಗ್ರಿಯ ತಂಪನ್ನು ನೀಡಲಾರದು. ಬೂದಿ ಮುಚ್ಚಿದ ಕೆಂಡದ ಮೇಲೆ ರಾತ್ರಿ ಸಾರಿಡುವ ರೂಢಿಯೂ ಸುರಕ್ಷಿತವಲ್ಲ. ಕೆಂಡ ಆರುತ್ತ ಬಂದಂತೆ ಸಾರು ಉಗುರುಬೆಚ್ಚಗಿನ ಸ್ಥಿತಿಗೆ ಬಂದು ಬೆಳಗಿನವರೆಗೂ ಅಲ್ಲೇ ನಿಲ್ಲುತ್ತದೆ. ಬದಲಿಗೆ ಈ ಕ್ರಮಗಳನ್ನು ಅನುಸರಿಸಿ:

• ಒಂದೇ ಹೊತ್ತಿಗೆ ಎಲ್ಲವನ್ನೂ ಬೇಯಿಸದೆ ಮಧ್ಯಾಹ್ನಕ್ಕೆ ಮತ್ತು ರಾತ್ರಿಗೆ ಪ್ರತ್ಯೇಕವಾಗಿ ಅಡುಗೆ ಮಾಡಿ. ನಾಟಿಕೋಳಿ ಸಾಕುವವರಿಗೆ ಇದು ಸುಲಭ. ಬೇಕಾದ ಹೊತ್ತಿಗೆ ಕೊಯ್ದರೆ ಮಾಂಸವನ್ನು ಕಾಪಿಡುವ ಅಗತ್ಯವೇ ಬರುವುದಿಲ್ಲ.
• ಉಳಿಯುವುದೆಂದು ಕಂಡುಬಂದಲ್ಲಿ ಸಾರು ಒಲೆಯ ಮೇಲೆ ಕುದಿಯುತ್ತಿರುವಾಗಲೇ ನೆರೆಹೊರೆಯವರಿಗೆ ಹಂಚಿ. ಕೂಡಲೇ ಉಣ್ಣುವಂತೆ ತಿಳಿಸಿ.
• ಉಳಿದದ್ದನ್ನು ನೆರೆಮನೆಯ ಫ್ರಿಜ್‌ನಲ್ಲಿಡುವುದಾದರೆ ಮೇಲೆ ಹೇಳಿದಂತೆ ತಣಿಸಿ ಒಯ್ಯಿರಿ.
• ಇವಾವುವೂ ಸಾಧ್ಯವಾಗದಿದ್ದಲ್ಲಿ ಉಳಿದ ಮಾಂಸವನ್ನು ಗುಂಡಿ ತೋಡಿ ಮುಚ್ಚಿ. ಹರಕೆಯ ಊಟವನ್ನು ಚೆಲ್ಲಬಾರದೆಂಬ ಭಾವನೆ ಗೌರವಕ್ಕೆ ಅರ್ಹವಾದುದು. ಅದನ್ನು ಅಡುಗೆಯ ಪ್ರಮಾಣವನ್ನು ಮೊದಲೇ ಅಳೆಯುವ ಮೂಲಕ ಪಾಲಿಸಬೇಕೇ ವಿನಾ ಕೆಟ್ಟಿರಬಹುದಾದುದನ್ನು ಮಕ್ಕಳಿಗೆ ಬಡಿಸುವ ಮೂಲಕವಲ್ಲ.

ಮರುಬಿಸಿ ಮಾಡುವ ಕ್ರಮ

1. ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಹೊರತೆಗೆದು ಬಿಸಿ ಮಾಡಿ. ಒಮ್ಮೆ ಮರುಬಿಸಿ ಮಾಡಿದ್ದನ್ನು ಮತ್ತೆ ಕಾಪಿಡಬಾರದು.
2. ಸಾರು ಅಂಚಿನಲ್ಲಷ್ಟೇ ಅಲ್ಲದೆ ಪಾತ್ರೆಯ ತುಂಬ ಗುಳ್ಳೆಯೇಳುವಂತೆ ಕುದಿಯಬೇಕು. ಕಲಕುತ್ತ ಕನಿಷ್ಠ 5 ನಿಮಿಷ ಕುದಿಸಿ. ಮಾಂಸದ ತುಂಡಿನ ಒಳಭಾಗವೂ 74 ಡಿಗ್ರಿ ಮುಟ್ಟಬೇಕು. ದೊಡ್ಡ ತುಂಡೊಂದನ್ನು ಮುರಿದು ಒಳಗಿನಿಂದ ಹಬೆ ಬರುವುದನ್ನು ಖಚಿತಪಡಿಸಿಕೊಳ್ಳಿ.
3. ಹುರುಕಲು, ಬಿರಿಯಾನಿಗಳಿಗೆ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ, ನಡುವೆ ತಿರುವಿ ಬಿಸಿ ಮಾಡಿ.
4. ಮೈಕ್ರೋವೇವ್ ಒಲೆಯಲ್ಲಿ ಶಾಖ ಸಮನಾಗಿ ಹರಡುವುದಿಲ್ಲ. ಮುಚ್ಚಿ ಬಿಸಿ ಮಾಡಿ, ನಡುವೆ ಕಲಕಿ, ನಂತರ 2 ನಿಮಿಷ ಹಾಗೆಯೇ ಬಿಡಿ.
5. ಫ್ರೀಜರ್‌ನಿಂದ ತೆಗೆದದ್ದನ್ನು ಹಿಂದಿನ ರಾತ್ರಿ ಫ್ರಿಜ್‌ಗೆ ವರ್ಗಾಯಿಸಿ ಕರಗಿಸಿ. ಕಟ್ಟೆಯ ಮೇಲಿಟ್ಟು ಕರಗಿಸಬಾರದು.
6. ತಂಗಳು ಸಾರಿಗೆ ಹೊಸ ಸಾರು ಬೆರೆಸಬಾರದು.

ಹೊಗೆಯಾಡಿಸಿದ ಮಾಂಸ, ಉಪ್ಪುಕಂಡ ಮತ್ತು ಟರ್ಕಿ ಕೋಳಿ

ಹೊಗೆಯಾಡಿಸಿದ ಅಥವಾ ಕೆಂಡದಲ್ಲಿ ಸುಟ್ಟು ಬೇಯಿಸಿದ ಕೋಳಿಗೆ ಹೊಗೆಯ ಪರಿಮಳವಿದ್ದರೂ ಅದು ಬಹುಕಾಲ ಬಾಳುವುದಿಲ್ಲ. ಬೇಯಿಸಿದ ಸಾಮಾನ್ಯ ಮಾಂಸದ ನಿಯಮಗಳೇ ಅದಕ್ಕೂ ಅನ್ವಯಿಸುತ್ತವೆ. ಹೊಸತಾಗಿ ಸಾಕಣೆಗೆ ಬರುತ್ತಿರುವ ಟರ್ಕಿ ಕೋಳಿ ಗಾತ್ರದಲ್ಲಿ ದೊಡ್ಡದಾದ್ದರಿಂದ ಬೇಯಲೂ ತಣಿಯಲೂ ಹೆಚ್ಚು ಸಮಯ ಬೇಕು. ತುಂಡರಿಸಿ ಬೇಯಿಸುವುದು, ಉಳಿದದ್ದನ್ನು ಮೂಳೆಯಿಂದ ಬಿಡಿಸಿ ತಣಿಸುವುದು ಸೂಕ್ತ.

ಉಪ್ಪುಕಂಡ ಬಾಳಿಕೆ ಬರುವುದು ಉಪ್ಪು ಮತ್ತು ಒಣಗುವಿಕೆಯಿಂದ. ತೆಳುವಾದ ಪಟ್ಟಿಗಳಾಗಿ ಕತ್ತರಿಸಿ, ಉಪ್ಪು, ಅರಿಸಿನ ಸವರಿ, ನೊಣ ಕೂರದಂತೆ ಬಲೆ ಮುಚ್ಚಿ, ಬಲವಾದ ಬಿಸಿಲಿನಲ್ಲಿ ಪೂರ್ತಿ ಗಟ್ಟಿಯಾಗುವವರೆಗೆ ಒಣಗಿಸಬೇಕು. ಸ್ಟೆಫಿಲೊಕಾಕಸ್ ಉಪ್ಪನ್ನು ತಾಳಿಕೊಳ್ಳುವ ಜೀವಿಯಾದ್ದರಿಂದ ಮೋಡ ಮುಸುಕಿದ ದಿನಗಳಲ್ಲಿ ಉಪ್ಪುಕಂಡ ಮಾಡಬಾರದು. ಮೆತ್ತಗಿರುವ, ಬೂಷ್ಟು ಹಿಡಿದ ತುಂಡುಗಳನ್ನು ಬಳಸಬಾರದು. ನೆನೆಸಿ ಬೇಯಿಸಿದ ನಂತರ ಉಪ್ಪುಕಂಡಕ್ಕೆ ಆ ಬಾಳಿಕೆ ಉಳಿಯುವುದಿಲ್ಲ. ಅದನ್ನೂ ಬೇಯಿಸಿದ ಮಾಂಸವೆಂದೇ ತಿಳಿಯಬೇಕು.

ಅಸ್ವಸ್ಥತೆ ಕಂಡುಬಂದಲ್ಲಿ

5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು ಹಾಗೂ ಮಧುಮೇಹ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ವಾಂತಿ, ಭೇದಿ ಆರಂಭವಾದ ಕೂಡಲೇ ಓಆರ್‌ಎಸ್ ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿ. ಪೊಟ್ಟಣ ದೊರೆಯದಿದ್ದಲ್ಲಿ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮಮಟ್ಟದ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ. ಮಲದಲ್ಲಿ ರಕ್ತ, ತೀವ್ರ ಜ್ವರ, ಮೂತ್ರ ನಿಲ್ಲುವುದು, ಕಣ್ಣು ಗುಳಿಬೀಳುವುದು, ಮಂಪರು ಕಂಡುಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ ಅಥವಾ 108ಕ್ಕೆ ಕರೆ ಮಾಡಿ. ವೈದ್ಯರ ಸಲಹೆಯಿಲ್ಲದೆ ಭೇದಿ ನಿಲ್ಲಿಸುವ ಮಾತ್ರೆ ಅಥವಾ ಆ್ಯಂಟಿಬಯೋಟಿಕ್ ನೀಡಬಾರದು. ಒಂದೇ ಊಟದಿಂದ ಹಲವರು ಅಸ್ವಸ್ಥರಾದಲ್ಲಿ ಆಶಾ ಕಾರ್ಯಕರ್ತೆಗೆ ತಿಳಿಸಿ. ಉಳಿದ ಆಹಾರವನ್ನು ಯಾರೂ ತಿನ್ನದಂತೆ ಮುಚ್ಚಿ ತೆಗೆದಿಡಿ. ಪರೀಕ್ಷೆಗೆ ಅದು ನೆರವಾಗುತ್ತದೆ.

ನೆನಪಿಡಬೇಕಾದ ಅಂಶಗಳು

• ಬಿಸಿ ಆಹಾರ 60 ಡಿಗ್ರಿಗಿಂತ ಮೇಲಿರಲಿ, ತಣ್ಣನೆಯದು 5 ಡಿಗ್ರಿಗಿಂತ ಕೆಳಗಿರಲಿ.
• ಹೊರಗಿಡುವ ಅವಧಿ 2 ಗಂಟೆ ಮೀರದಿರಲಿ. ಬೇಸಿಗೆಯಲ್ಲಿ 1 ಗಂಟೆ.
• ಆಳವಿಲ್ಲದ ಪಾತ್ರೆಗಳಿಗೆ ಹಂಚಿ ತಣಿಸಿ.
• ಒಮ್ಮೆ ಮಾತ್ರ, ಪೂರ್ತಿ ಕುದಿಸಿ ಮರುಬಿಸಿ ಮಾಡಿ.
• ರಾತ್ರಿಯಿಡೀ ಹೊರಗಿದ್ದ ಮಾಂಸದ ಸಾರನ್ನು ಕುದಿಸಿದರೂ ಬಳಸಬೇಡಿ.